ಒಂಬತ್ತು ಓದುಗರ ದೂರು, ಒಂದು ಸುಳ್ಳಿನ ಲೆಕ್ಕ

ಪ್ರಶ್ನೆ: ನಾನು ಮೂಡಿಗೆರೆ ತಾಲ್ಲೂಕಿನವಳು. 38 ಅಧ್ಯಾಯದ ಒಂದು ರೊಮ್ಯಾಂಟಿಕ್ ಸಸ್ಪೆನ್ಸ್ ಕಾದಂಬರಿ ಬರೆದಿದ್ದೇನೆ. ಸಿಐಡಿ ಅರಣ್ಯ ಘಟಕದ ಸಬ್ ಇನ್‌ಸ್ಪೆಕ್ಟರ್ ಒಬ್ಬ ಆನೆದಂತದ ಜಾಲ ಹುಡುಕಿಕೊಂಡು ಕೊಟ್ಟಿಗೆಹಾರದ ಹತ್ತಿರದ ಅರೇಬಿಕಾ ಕಾಫಿ ತೋಟಕ್ಕೆ ರೈಟರ್ (ಲೆಕ್ಕ ಬರೆಯುವವ) ಆಗಿ ಸೇರುತ್ತಾನೆ. ಪಕ್ಕದ ಹೋಂಸ್ಟೇಗೆ ಮ್ಯಾನೇಜರ್ ಆಗಿ ಬಂದವಳು ಗಾಂಜಾ ಕೇಸಿನ ಬೆನ್ನು ಹತ್ತಿದ ಎನ್‌ಸಿಬಿ (ಕೇಂದ್ರದ ಮಾದಕ ವಸ್ತು ನಿಯಂತ್ರಣ ಬ್ಯೂರೋ) ಅಧಿಕಾರಿ. ಇಬ್ಬರೂ ಮಾರುವೇಷದಲ್ಲಿದ್ದಾರೆ, ಒಬ್ಬರ ಗುಟ್ಟು ಇನ್ನೊಬ್ಬರಿಗೆ ಗೊತ್ತಿಲ್ಲ. ಕಾಫಿ ಬೀಜದ ಸಿಪ್ಪೆ ತೆಗೆದು ಹದ ಮಾಡುವ, ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್ ಒಂದರ ಮಾಲೀಕನೇ ಖಳ. ಕತೆ ಹನ್ನೊಂದು ದಿನದಲ್ಲಿ ನಡೆದು ಮುಗಿಯುತ್ತದೆ. ಅವಳು ಯಾರೆಂದು ಅವನಿಗೆ 19ನೇ ಅಧ್ಯಾಯದಲ್ಲಿ ತಿಳಿಯುತ್ತದೆ, ಅವನು ಯಾರೆಂದು ಅವಳಿಗೆ 35ರಲ್ಲಿ.

ಒಂಬತ್ತು ಜನಕ್ಕೆ ಓದಲು ಕೊಟ್ಟೆ. ‘ಪ್ರೀತಿ ಬೇಗ ಆಯ್ತು’ ಅಂದವರು ಮೂವರು. ‘ನಡುವೆ ಎಳೀತು’ ಅಂದವರು ನಾಲ್ವರು. ‘ಖಳ ಯಾರೂಂತ ಹತ್ತನೇ ಅಧ್ಯಾಯಕ್ಕೇ ಗೊತ್ತಾಯ್ತು’ ಅಂದವರು ಇಬ್ಬರು, ‘ಖಳ ಕೊನೆಗೆ ಆಕಾಶದಿಂದ ಉದುರಿದ’ ಅಂದವರು ಒಬ್ಬರು. ‘ಅವನನ್ನು ಹೇಗೆ ಕ್ಷಮಿಸಿದಳು, ಅವಳಿಗೆ ಸ್ವಾಭಿಮಾನ ಬೇಡವೇ’ ಎಂದು ಇಬ್ಬರು ಹೆಂಗಸರು ಸಿಟ್ಟಾದರು. ಹಾಸನದ ನಿವೃತ್ತ ವಕೀಲರೊಬ್ಬರು ಕೊನೆಯ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದರು. ತೋಟ ಮಾಡುವವರೊಬ್ಬರು, ‘ಎಂಥ ಮಾರಾಯ್ರೆ, ಹಣ್ಣು ಕೊಯ್ಯೋ ವಾರವೇ ಹೂ ಅರಳ್ಸಿದೀರಲ್ಲ’ ಎಂದು ಕೇಳಿದರು. ಕರಡನ್ನೂ ಜೊತೆಗೆ ಕಳಿಸಿದ್ದೇನೆ. ಯಾರ ಮಾತು ಹಿಡಿಯಲಿ, ಯಾರದ್ದು ಬಿಡಲಿ?

ಉತ್ತರ: ತೋಟದವರ ಮಾತಿನಿಂದಲೇ ಶುರು ಮಾಡಿ. ಅದು ರುಚಿಯ ಪ್ರಶ್ನೆಯಲ್ಲ, ಗೊತ್ತಿದ್ದವರು ಹೇಳಿದ ಸಂಗತಿ. ಸಂಗತಿಯ ತಪ್ಪನ್ನು ಒಬ್ಬರೇ ಹೇಳಿದರೂ ತಿದ್ದಬೇಕು. ರುಚಿಯ ಮಾತಾದರೆ ಮೂವರಾದರೂ ಒಂದೇ ಜಾಗಕ್ಕೆ ಬೆರಳಿಡುವ ತನಕ ಕಾಯಬಹುದು. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ ತನಕ. ಹೂ ಬಿಡಿಸುವ ಮಳೆ ಬೀಳುವುದು ಫೆಬ್ರವರಿ ಕೊನೆಯಿಂದ ಏಪ್ರಿಲ್ ಒಳಗೆ. ಮಳೆಯಾಗಿ ಎಂಟು-ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ, ಎರಡು-ಮೂರು ದಿನಕ್ಕೆ ಹೂ ಕಂದುತ್ತದೆ. ಸ್ಪ್ರಿಂಕ್ಲರ್ ಹಾಕಿ ರೊಬಸ್ಟಾ ಹೂ ಬಿಡಿಸುವವರು ಇದ್ದಾರೆ, ಆದರೆ ನಿಮ್ಮದು ಅರೇಬಿಕಾ ತೋಟ. ಹಣ್ಣಿನ ಬುಟ್ಟಿ ಹೊತ್ತ ಹೆಂಗಸರ ತಲೆ ಮೇಲೆ ಹೂವಿನ ಘಮ ಹಾಯಿಸಿದ ನಿಮ್ಮ ಆರನೇ ಅಧ್ಯಾಯವನ್ನು ಚಿಕ್ಕಮಗಳೂರು, ಹಾಸನ, ಕೊಡಗಿನ ಓದುಗರು ಒಪ್ಪಲಾರರು. ಅಲ್ಲಿ ಒಮ್ಮೆ ನಂಬಿಕೆ ಹೋದರೆ ಪೊಲೀಸ್ ವಿಚಾರದಲ್ಲಿ ನೀವು ಸರಿ ಬರೆದಿದ್ದನ್ನೂ ಅವರು ಅನುಮಾನದಿಂದಲೇ ಓದುತ್ತಾರೆ.

ಈ ತಪ್ಪನ್ನು ತಿದ್ದಲು ಹೊರಟರೆ ‘ಪ್ರೀತಿ ಬೇಗ ಆಯ್ತು’ ಎಂಬ ದೂರಿಗೂ ದಾರಿ ಸಿಗುತ್ತದೆ. ಹನ್ನೊಂದು ದಿನವನ್ನು ಕಿತ್ತುಹಾಕಿ. ಅವನು ನವೆಂಬರ್ ಕೊನೆಯ ವಾರ ಕೆಲಸಕ್ಕೆ ಸೇರಲಿ, ಕತೆ ಮಾರ್ಚ್ ಕೊನೆಗೆ ಮುಗಿಯಲಿ. ಹದಿನೇಳು ವಾರ ಸಿಗುತ್ತದೆ. ಹೊಸ ರೈಟರನ್ನು ಯಾರೂ ಹನ್ನೊಂದು ದಿನದಲ್ಲಿ ನಂಬುವುದಿಲ್ಲ, ಪ್ರೀತಿಯಂತೂ ದೂರದ ಮಾತು. ಕೊಯ್ಲಿನ ಕೆಲಸವೇ ನಿಮಗೆ ದೃಶ್ಯ ಕೊಡುತ್ತದೆ. ಬೆಳಿಗ್ಗೆ ಚೆಕ್‌ರೋಲ್ (ಕೆಲಸದವರ ಹಾಜರಿ), ಸಂಜೆ ಹಣ್ಣಿನ ತೂಕ. ಅವತ್ತಿನ ಹಣ್ಣು ಅವತ್ತೇ ತಿರುಳು ಬಿಡಿಸುವ ಪಲ್ಪರ್‌ಗೆ ಬೀಳಬೇಕು. ಆಮೇಲೆ ಪಾರ್ಚ್‌ಮೆಂಟ್, ಅಂದರೆ ತೆಳು ಸಿಪ್ಪೆಯೊಳಗಿನ ಬೀಜ, ಕಣದಲ್ಲಿ ವಾರ-ಹತ್ತು ದಿನ ಒಣಗಬೇಕು, ಜನವರಿ ಹೊತ್ತಿಗೆ ಕ್ಯೂರಿಂಗ್ ವರ್ಕ್ಸ್‌ಗೆ ಲೋಡು ಹೊರಡಬೇಕು. ಖಳನ ಗೇಟಿನೊಳಕ್ಕೆ ನಿಮ್ಮ ನಾಯಕ ಹೋಗಲು ಕಾರಣ ಹುಡುಕಿ ಒದ್ದಾಡಿದ್ದೀರಿ. ಇಲ್ಲಿ ಆ ಕಾರಣ ತಾನಾಗಿಯೇ ಬರುತ್ತದೆ.

ಹದಿನೇಳು ವಾರ ಕೊಟ್ಟ ಮಾತ್ರಕ್ಕೆ ಪ್ರೀತಿಯನ್ನು ಓದುಗ ನಂಬುತ್ತಾನೆ ಎಂದಲ್ಲ. ‘ಬೇಗ ಆಯ್ತು’ ಎನ್ನುವವರಿಗೆ ನಿಜವಾಗಿ ಚುಚ್ಚಿರುವುದು ಬೇರೆ. ಓದುಗರು ನೋವು ಎಲ್ಲಿದೆ ಎಂದು ತೋರಿಸುವುದರಲ್ಲಿ ತಪ್ಪುವುದು ಕಡಿಮೆ, ಔಷಧ ಹೇಳುವಾಗ ಮಾತ್ರ ತಪ್ಪುತ್ತಾರೆ. ವೇಗದ ಮಾತಾಡಿದ ಆ ಮೂವರು ಯಾವ ಪುಟದಲ್ಲಿ ಹಾಗೆನಿಸಿತು ಎಂದು ಬರೆದಿದ್ದರೆ ತೆಗೆದು ನೋಡಿ. ಅವನು ತನ್ನ ಬಾಲ್ಯದ ಕತೆ ಹೇಳಿ ಅವಳ ಕೈ ಹಿಡಿಯುವ ದೃಶ್ಯವೇ ಅದಾಗಿರಬಹುದು. ಆ ಬಾಲ್ಯ ಸುಳ್ಳಿನ ಬಾಲ್ಯ ಎಂದು ಓದುಗನಿಗೆ ಆಗಲೇ ಗೊತ್ತು. ಸುಳ್ಳು ಹೇಳುವುದೇ ಉದ್ಯೋಗವಾದವನ ಬಾಯಿಂದ ‘ನೀನಂದ್ರೆ ನಂಗಿಷ್ಟ’ ಎಂದು ಎಷ್ಟು ಸಲ ಹೇಳಿಸಿದರೂ ಓದುಗ ಅದನ್ನು ಜಮೆ ಮಾಡಿಕೊಳ್ಳುವುದಿಲ್ಲ.

ಹಾಗಾದರೆ ಯಾವುದನ್ನು ಜಮೆ ಮಾಡಿಕೊಳ್ಳುತ್ತಾನೆ? ವೇಷಕ್ಕೆ ಬೇಕಿಲ್ಲದ ಕೆಲಸವನ್ನು. ವೇಷಕ್ಕೆ ಅಪಾಯ ತರುವ ಕೆಲಸವಾದರೆ ಇನ್ನೂ ಹೆಚ್ಚು. ಉದಾಹರಣೆಗೆ ಸಂಜೆಯ ತೂಕ. ರೈಟರ್ ಮುಳ್ಳು ಸರಿಯಾಗಿ ನಿಲ್ಲುವ ಮೊದಲೇ ಬರೆದುಕೊಂಡರೆ ಕೊಯ್ಯುವವರ ಹಣ್ಣಿನಲ್ಲಿ ಅರ್ಧ ಕಿಲೋ ಹೋಗುತ್ತದೆ. ಹಾಗೆ ಬರೆಯುವವನೇ ಮೇಲಿನವರಿಗೆ ಬೇಕಾದವನು. ಖಳನ ಕಡೆಯವರ ವಿಶ್ವಾಸ ಗಳಿಸಲು ನಿಮ್ಮ ನಾಯಕ ತೂಕ ಕದಿಯಬೇಕು, ಆದರೆ ಕದಿಯುವುದಿಲ್ಲ. ಅವಳು ಅದನ್ನು ಹೋಂಸ್ಟೇ ಜಗಲಿಯಿಂದ ಎರಡು ಮೂರು ಸಂಜೆ ಸುಮ್ಮನೆ ಗಮನಿಸಲಿ. ಅವನ ಹೆಸರು, ಊರು, ಮನೆತನ ಎಲ್ಲ ಸುಳ್ಳಾದರೂ ತೂಕದ ಮುಳ್ಳು ಸುಳ್ಳಲ್ಲ. ಹಾಗೆಯೇ ಅವಳ ಕಡೆಯಿಂದಲೂ ಒಂದು ಕೆಲಸ ಇರಲಿ. ಲೈನ್ ಮನೆಯ (ತೋಟದ ಕೂಲಿಯವರ ಸಾಲುಮನೆ) ಮಗುವಿಗೆ ಜ್ವರ ಬಂದ ರಾತ್ರಿ ತನ್ನ ಕಣ್ಗಾವಲು ಬಿಟ್ಟು ಜೀಪು ತೆಗೆದುಕೊಂಡು ಮೂಡಿಗೆರೆ ಆಸ್ಪತ್ರೆಗೆ ಹೊರಡಲಿ, ಅದರಿಂದ ಅವಳ ಕೇಸಿಗೆ ಒಂದು ಲೋಡು ತಪ್ಪಿಹೋಗಲಿ. ಇಂಥ ಒಂದೊಂದು ದೃಶ್ಯ ಐದು ಪ್ರೇಮ ಸಂಭಾಷಣೆಯ ಕೆಲಸ ಮಾಡುತ್ತದೆ. ಐದನ್ನೂ ಆಮೇಲೆ ಅಳಿಸಬಹುದು.

ಇನ್ನು ಸಿಟ್ಟಾದ ಇಬ್ಬರ ಮಾತು. ಇವರೇ ನಿಮ್ಮ ಒಂಬತ್ತು ಜನರಲ್ಲಿ ಅತಿ ಮುಖ್ಯ ಓದುಗರು. ನಾಯಕಿಯನ್ನು ಇನ್ನಷ್ಟು ಗಟ್ಟಿಗಿತ್ತಿ ಮಾಡಿ, ನಾಲ್ಕು ಜನಕ್ಕೆ ಒದೆಯುವ ದೃಶ್ಯ ಸೇರಿಸಿ ಈ ದೂರು ತೀರಿಸಲು ಹೋಗಬೇಡಿ. ದೂರು ಇರುವುದು ನಿಮ್ಮ 19 ಮತ್ತು 35ರ ನಡುವೆ. ಹದಿನಾರು ಅಧ್ಯಾಯ ಅವನಿಗೆ ಅವಳ ಗುಟ್ಟು ಗೊತ್ತು, ಅವಳಿಗೆ ಅವನದು ಗೊತ್ತಿಲ್ಲ. ಆ ಹದಿನಾರರ ಒಳಗೇ ಇಬ್ಬರೂ ಒಂದಾಗುವ ರಾತ್ರಿಯನ್ನೂ ಇಟ್ಟಿದ್ದೀರಿ. ಅವಳು ಒಪ್ಪಿದ್ದು ಯಾರಿಗೆ? ಇಲ್ಲದ ಮನುಷ್ಯನಿಗೆ. ಅವನಿಗೆ ಅದು ಗೊತ್ತಿತ್ತು. ಹೆಂಗಸರು ಹಿಡಿದಿರುವುದು ಇದನ್ನೇ. ಇದು ಬರೀ ಭಾವನೆಯ ವಿಷಯವೂ ಅಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 69ನೇ ಕಲಂ, ವಂಚನೆಯಿಂದ ಅಥವಾ ಈಡೇರಿಸುವ ಉದ್ದೇಶವಿಲ್ಲದ ಮದುವೆ ಮಾತಿನಿಂದ ಹೆಣ್ಣಿನೊಂದಿಗೆ ಲೈಂಗಿಕ ಸಂಪರ್ಕ ಮಾಡುವುದನ್ನು ಹತ್ತು ವರ್ಷದ ತನಕ ಶಿಕ್ಷೆಯಾಗಬಲ್ಲ ಅಪರಾಧ ಎನ್ನುತ್ತದೆ. ಗುರುತು ಮರೆಮಾಚಿ ಮದುವೆಯಾಗುವುದನ್ನೂ ವಂಚನೆಗೇ ಸೇರಿಸಿದೆ. ಬ್ರಿಟನ್ನಿನಲ್ಲಿ ಚಳವಳಿಗಾರರ ನಡುವೆ ಮಾರುವೇಷದಲ್ಲಿದ್ದ ಪೊಲೀಸರು ಅಲ್ಲಿನ ಹೆಂಗಸರೊಂದಿಗೆ ವರ್ಷಗಟ್ಟಲೆ ಸಂಬಂಧ ಇಟ್ಟುಕೊಂಡಿದ್ದರು. ಅದು ಬಯಲಾಗಿ 2015ರಲ್ಲಿ ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸರು ಏಳು ಮಂದಿ ಹೆಂಗಸರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ಆ ಹೆಂಗಸರಿಗೆ ಆದದ್ದು ದೊಡ್ಡ ಗಾಯ. ಮಾರುವೇಷದ ಪ್ರೇಮ ಬರೆಯುವವರು ಇದನ್ನು ತಿಳಿದೇ ಬರೆಯಬೇಕು.

ತಿದ್ದಲು ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಎಡಕ್ಕೆ ಅಧ್ಯಾಯದ ಸಂಖ್ಯೆ ಬರೆದು ಪಕ್ಕದಲ್ಲಿ ನಾಲ್ಕು ಅಂಕಣ ಎಳೆಯಿರಿ: ಅವನ ಬಗ್ಗೆ ಅವಳಿಗೆ ಗೊತ್ತಿರುವುದು, ಅವಳ ಬಗ್ಗೆ ಅವನಿಗೆ ಗೊತ್ತಿರುವುದು, ಖಳನಿಗೆ ಗೊತ್ತಿರುವುದು, ಓದುಗನಿಗೆ ಗೊತ್ತಿರುವುದು. ಪ್ರತಿ ಅಧ್ಯಾಯ ಮುಗಿದಾಗ ಏನು ಹೊಸದಾಗಿ ಸೇರಿತೋ ಅಷ್ಟನ್ನೇ ತುಂಬಿ. ಇದು ಸುಳ್ಳಿನ ಲೆಕ್ಕದ ಪುಸ್ತಕ. ಒಬ್ಬರ ಅಂಕಣ ತುಂಬುತ್ತ ಹೋಗಿ ಇನ್ನೊಬ್ಬರದು ನಾಲ್ಕೈದು ಅಧ್ಯಾಯ ಖಾಲಿ ಉಳಿದರೆ ಅಲ್ಲಿ ಖಾಲಿ ಇರುವವರು ಪೆದ್ದರಂತೆ ಕಾಣುತ್ತಾರೆ, ಎಷ್ಟೇ ಜಾಣ ಮಾತು ಬರೆಯಿರಿ. ನನ್ನ ಸಲಹೆ ಹೀಗಿದೆ: ಅವಳಿಗೇ ಮೊದಲು ಅನುಮಾನ ಬರಲಿ, 16-17ರ ಹೊತ್ತಿಗೆ. ಅವಳು ಹೇಳದೆ ಪರೀಕ್ಷೆ ಮಾಡಲಿ. ಅವನಿಗೆ 19ರಲ್ಲೇ ತಿಳಿಯಲಿ, ಅದನ್ನು ಬದಲಿಸಬೇಡಿ. 23ರಲ್ಲಿ ಇಬ್ಬರೂ ಬಾಯಿಬಿಡಲಿ. ಒಂದಾಗುವ ರಾತ್ರಿ ಆಮೇಲೆಯೇ ಬರಲಿ. ಕ್ಷಮಿಸಬೇಕಾದದ್ದು ಆಗ ಇಬ್ಬರ ಕಡೆಯೂ ಇರುತ್ತದೆ, ಹೆಚ್ಚೆಂದರೆ ಆರೇಳು ಅಧ್ಯಾಯದ ಹಳೆಯದು.

23ರಲ್ಲೇ ಗುಟ್ಟು ಒಡೆದರೆ ಸಸ್ಪೆನ್ಸ್ ಸತ್ತುಹೋಗುತ್ತದೆ ಎಂದು ನಿಮಗೆ ಭಯವಾಗಬಹುದು. ಸಾಯುವುದಿಲ್ಲ. ಅಲ್ಲಿಯ ತನಕ ‘ಇವರು ಯಾರು’ ಎಂಬ ಕುತೂಹಲ, ಆಮೇಲೆ ‘ಒಬ್ಬರು ಸಿಕ್ಕಿಬಿದ್ದರೆ ಇನ್ನೊಬ್ಬರು ಗುರುತಿಲ್ಲದವರಂತೆ ನಿಂತು ನೋಡಬೇಕಲ್ಲ’ ಎಂಬ ಆತಂಕ. ಎರಡನೆಯದೇ ಹೆಚ್ಚು ಕಾಡುವುದು. ಮೂರನೇ ಅಂಕಣವನ್ನು ನೆನಪಿಡಿ: ಇವರಿಬ್ಬರಿಗೂ ಗೊತ್ತಾದ ಮೇಲೆ ಖಳನಿಗೆ ಒಬ್ಬರ ಬಗ್ಗೆ ಮಾತ್ರ ತಿಳಿಯಬೇಕು.

ಇಬ್ಬರೂ ಸರ್ಕಾರದವರೇ, ಮೊದಲೇ ಒಬ್ಬರಿಗೊಬ್ಬರು ಗೊತ್ತಿರಬೇಕಲ್ಲ ಎಂದು ಇಲಾಖೆ ತಿಳಿದ ಓದುಗರು ಕೇಳುತ್ತಾರೆ. ನಿಮ್ಮ ಒಂಬತ್ತು ಜನ ಕೇಳಿಲ್ಲ, ಹತ್ತನೆಯವರು ಕೇಳುತ್ತಾರೆ. ಮಾದಕ ವಸ್ತು ಕೇಸುಗಳಲ್ಲಿ ಕೇಂದ್ರ ಮತ್ತು ರಾಜ್ಯದ ಇಲಾಖೆಗಳು ಹೊಂದಿಕೊಂಡು ಹೋಗಲೆಂದೇ 2016ರಲ್ಲಿ ಎನ್‌ಕಾರ್ಡ್ ಎಂಬ ಏರ್ಪಾಡು ಬಂತು, ಜಿಲ್ಲಾ ಮಟ್ಟದಲ್ಲೂ ಅದರ ಸಮಿತಿ ಇದೆ. ಅವನೂ ಗಾಂಜಾ ಕೇಸಿನವನೇ ಆಗಿದ್ದರೆ ನಿಮ್ಮ ಕತೆ ಅಲ್ಲೇ ಕುಸಿಯುತ್ತಿತ್ತು. ಅದೃಷ್ಟಕ್ಕೆ ಅವನದು ದಂತದ ಕೇಸು, ಹಿಡಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ. ಅವಳದು ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯಿದೆ. ಕಡತ ಬೇರೆ, ಮೇಲಧಿಕಾರಿ ಬೇರೆ, ವರದಿ ಹೋಗುವ ದಾರಿಯೂ ಬೇರೆ. ಅವಳ ಮೇಲಧಿಕಾರಿ ಬೆಂಗಳೂರಿನಿಂದ ಫೋನ್ ಮಾಡುವ ದೃಶ್ಯದಲ್ಲಿ ಇದನ್ನು ಎರಡೇ ವಾಕ್ಯದಲ್ಲಿ ಹೇಳಿಸಿ ಮುಂದಕ್ಕೆ ಹೋಗಿ.

ನಡುಭಾಗ ಎಳೆದಿದೆ ಎಂದ ನಾಲ್ವರ ಮಾತು ಸರಿ. ಕಾರಣವನ್ನು ಮಾತ್ರ ಯಾರೂ ಹೇಳಿಲ್ಲ. ಪ್ರತಿ ಅಧ್ಯಾಯಕ್ಕೂ ಎರಡು ಸಾಲು ಬರೆಯಿರಿ. ಕೇಸಿನಲ್ಲಿ ಏನು ಬದಲಾಯಿತು? ಇವರಿಬ್ಬರ ನಡುವೆ ಏನು ಬದಲಾಯಿತು? ನಿಮ್ಮ ಕರಡಿನ ಕ್ರಮ ನೋಡಿದರೆ 14ರಿಂದ 24ರ ತನಕ ಒಂದು ಬಿಟ್ಟು ಒಂದು ಸಾಲು ಖಾಲಿ ಬೀಳುತ್ತದೆ. ಪ್ರೇಮದ ಅಧ್ಯಾಯದಲ್ಲಿ ಕೇಸು ನಿಂತಿದೆ, ಕೇಸಿನ ಅಧ್ಯಾಯದಲ್ಲಿ ಪ್ರೇಮ ನಿಂತಿದೆ. ಎರಡು ಎತ್ತನ್ನು ಒಂದೇ ನೊಗಕ್ಕೆ ಕಟ್ಟುವ ಬದಲು ಒಂದಾದ ಮೇಲೊಂದು ಉಳುಮೆಗೆ ಬಿಟ್ಟ ಹಾಗಾಗಿದೆ. ಒಂದೇ ಸಾಲು ತುಂಬಿದ ಅಧ್ಯಾಯ ಎರಡು ಒತ್ತಾಗಿ ಬಂದರೆ ಅವನ್ನು ಒಂದು ಮಾಡಿ. ಹನ್ನೊಂದು ಅಧ್ಯಾಯ ಆರೋ ಏಳೋ ಆಗುತ್ತದೆ. ಎಸ್ಟೇಟ್ ವರ್ಣನೆ ಕಡಿಮೆ ಮಾಡಬೇಕೇ ಎಂಬ ಪ್ರಶ್ನೆ ನಿಮಗೆ ಬಂದರೆ ಅದೂ ಇಲ್ಲೇ ತೀರುತ್ತದೆ: ಸುಳಿವು ಅಡಗಿಸಿಟ್ಟ ವರ್ಣನೆ ಎಷ್ಟಿದ್ದರೂ ಯಾರೂ ಎಳೆದಿದೆ ಎನ್ನುವುದಿಲ್ಲ.

ಇದರಿಂದ ಖಳನ ವಿಷಯಕ್ಕೆ ಬರೋಣ. ಇಬ್ಬರಿಗೆ ಹತ್ತನೇ ಅಧ್ಯಾಯಕ್ಕೇ ಗೊತ್ತಾದದ್ದು, ಒಬ್ಬರಿಗೆ ಕೊನೆಗೂ ಒಪ್ಪಿಗೆಯಾಗದ್ದು, ಎರಡಕ್ಕೂ ಬೇರು ಒಂದೇ. ಖಳ ಯಾರೆಂದು ನೀವು ಬಣ್ಣದಿಂದ ಹೇಳಿದ್ದೀರಿ: ಬೆರಳ ತುಂಬ ಉಂಗುರ, ಅತ್ತರಿನ ವಾಸನೆ, ನಗುವಾಗ ಕಣ್ಣು ನಗದಿರುವುದು. ಬಣ್ಣ ನೋಡಿ ಓದುವವರು ಕೂಡಲೇ ಹಿಡಿದರು. ಸಂಗತಿ ಹುಡುಕುವವರಿಗೆ ಒಂದೂ ಸಿಗದೆ ಕೊನೆಗೆ ಮೋಸ ಹೋದಂತಾಯಿತು. ಉಂಗುರ ಕಳಚಿ, ಲೆಕ್ಕ ಇಡಿ.

ಲೆಕ್ಕ ಅಂದರೆ ಅಕ್ಷರಶಃ ಲೆಕ್ಕವೇ. ತೋಟದಿಂದ ಪಾರ್ಚ್‌ಮೆಂಟ್ 50 ಕಿಲೋ ಮೂಟೆಯಲ್ಲಿ ಹೋಗುತ್ತದೆ. ಕ್ಯೂರಿಂಗ್‌ನಲ್ಲಿ ಸಿಪ್ಪೆ ಹೋಗಿ ಸ್ವಚ್ಛ ಬೀಜ ಬರುವುದು ಸುಮಾರು ನೂರಕ್ಕೆ ಎಂಬತ್ತು. ರಫ್ತಿಗೆ ಹೊರಡುವುದು 60 ಕಿಲೋ ಚೀಲದಲ್ಲಿ. ನೂರು ಮೂಟೆ ಪಾರ್ಚ್‌ಮೆಂಟ್ ಎಂದರೆ 5,000 ಕಿಲೋ. ಬೀಜ ಸುಮಾರು 4,000 ಕಿಲೋ. ಚೀಲ 66 ಅಥವಾ 67. ಲೋಡು ಇಳಿಸಲು ಹೋದ ರೈಟರ್ ಗೇಟ್ ಪುಸ್ತಕದಲ್ಲಿ ತಮ್ಮ ತೋಟದ ಲಾಟಿನ ಎದುರು 72 ಎಂದು ಬರೆದಿರುವುದನ್ನು ನೋಡುತ್ತಾನೆ. ತೋಟಕ್ಕೆ ಬಂದ ಔಟ್‌ಟರ್ನ್ (ಎಷ್ಟು ಬೀಜ ಬಂತೆಂಬ) ಲೆಕ್ಕದಲ್ಲಿ 67 ಇದೆ. ಐದು ಚೀಲ ಎಲ್ಲಿಂದ ಬಂತು? ಕಳ್ಳ ಸರಕು ಹೋಗುವುದು ಆ ಐದರಲ್ಲೇ. ಕಡಿಮೆ ಬಂದರೆ ಕಳ್ಳತನ ಎಂದು ಎಲ್ಲರಿಗೂ ಹೊಳೆಯುತ್ತದೆ, ಹೆಚ್ಚು ಬಂದಾಗ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಸುಳಿವು ಕಣ್ಣೆದುರೇ ಇದ್ದರೂ ಮುಚ್ಚಿರುತ್ತದೆ. ಇದನ್ನು ಎಂಟನೇ ಅಧ್ಯಾಯದಲ್ಲಿ, ಮೇಸ್ತ್ರಿಯೊಬ್ಬ ಕೂಲಿ ಮುಂಗಡಕ್ಕೆ ಜಗಳ ತೆಗೆದಿರುವಾಗ, ನಡುವೆ ಒಂದೇ ಸಾಲಿನಲ್ಲಿ ಹಾಕಿ.

ಇನ್ನರ್ಧ ಅವಳ ಹತ್ತಿರ ಇರಲಿ. ಹೋಂಸ್ಟೇಗೆ ಬರುವವರ ಗುರುತಿನ ಚೀಟಿ, ಬಂದ ಹೊತ್ತು, ಗಾಡಿ ನಂಬರು ಎಲ್ಲ ಅವಳ ರಿಜಿಸ್ಟರಿನಲ್ಲಿರುತ್ತದೆ. ವಿದೇಶಿಯರು ಉಳಿದರೆ 24 ಗಂಟೆಯೊಳಗೆ ಸರ್ಕಾರಕ್ಕೆ ವಿವರ ಸಲ್ಲಿಸಬೇಕು. ಅಧಿಕಾರಿಯೊಬ್ಬಳು ಇಂಥ ಜಾಗವನ್ನು ವೇಷಕ್ಕೆ ಆರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಕಾರಣ ಬೇಡ, ಆದರೆ ನೀವು ಆ ರಿಜಿಸ್ಟರನ್ನು ಒಮ್ಮೆಯೂ ತೆರೆಸಿಲ್ಲ. ಒಬ್ಬನೇ ಮನುಷ್ಯ ಮೂರು ಬೇರೆ ಬೇರೆ ತಿಂಗಳಲ್ಲಿ, ಪ್ರತಿ ಸಲ ಲೋಡು ಹೊರಡುವ ಹಿಂದಿನ ರಾತ್ರಿಯೇ ಬಂದು ಉಳಿದಿದ್ದಾನೆ ಎಂದು ಅವಳಿಗೆ ಗೊತ್ತು. ಯಾವ ಲೋಡು ಎಂದು ಗೊತ್ತಿಲ್ಲ. ಅವನಿಗೆ ಲೋಡಿನ ತಾರೀಖು ಗೊತ್ತು, ಮನುಷ್ಯ ಗೊತ್ತಿಲ್ಲ. 23ನೇ ಅಧ್ಯಾಯದಲ್ಲಿ ಇಬ್ಬರೂ ನಿಜ ಹೇಳಿಕೊಂಡಾಗ ಲೋಡಿನ ತಾರೀಖು ಬರೆದ ತೋಟದ ಪುಸ್ತಕವನ್ನೂ ಹೋಂಸ್ಟೇ ರಿಜಿಸ್ಟರನ್ನೂ ಒಂದೇ ಮೇಜಿನ ಮೇಲೆ ಬಿಡಿಸಿ ಇಡಿಸಿ. ಪ್ರೇಮವೂ ಕೇಸೂ ಒಂದೇ ದೃಶ್ಯದಲ್ಲಿ ತೆರೆದುಕೊಳ್ಳುವ ಜಾಗ ಇದು. ಈ ಬಗೆಯ ಕಾದಂಬರಿಯನ್ನು ಓದುಗರು ಹುಡುಕಿಕೊಂಡು ಬರುವುದೇ ಇಂಥ ದೃಶ್ಯಕ್ಕಾಗಿ, ಇಡೀ ಪುಸ್ತಕದಲ್ಲಿ ಹೆಚ್ಚು ದಿನ ಕೂತು ಬರೆಯಬೇಕಾದದ್ದೂ ಇದನ್ನೇ.

ಈಗ ವಕೀಲರ ಮಾತು. ಅವರು ಹೇಳಿದ್ದು ನೂರಕ್ಕೆ ನೂರು ನಿಜ. ಪೊಲೀಸ್ ಅಧಿಕಾರಿಯ ಎದುರು ಆರೋಪಿ ಮಾಡಿದ ತಪ್ಪೊಪ್ಪಿಗೆಯನ್ನು ಅವನ ವಿರುದ್ಧ ಸಾಬೀತುಪಡಿಸುವಂತಿಲ್ಲ. ಹಿಂದೆ ಸಾಕ್ಷ್ಯ ಕಾಯಿದೆಯ 25ನೇ ಕಲಂ, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ. ನಾಯಕಿ ಪೊಲೀಸಳಲ್ಲ, ಎನ್‌ಸಿಬಿಯವಳು ಎಂದು ತಪ್ಪಿಸಿಕೊಳ್ಳಲೂ ಆಗದು: ಎನ್‌ಡಿಪಿಎಸ್ ಕಾಯಿದೆಯಡಿ ತನಿಖೆ ಮಾಡುವ ಅಧಿಕಾರಿಗಳೂ ಈ ಮಟ್ಟಿಗೆ ಪೊಲೀಸರೇ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ತೂಫಾನ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ವನ್ಯಜೀವಿ ಕಾಯಿದೆಯಲ್ಲಿ ಎಸಿಎಫ್ (ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ) ದರ್ಜೆಗೆ ಕಡಿಮೆಯಿಲ್ಲದ ಅರಣ್ಯಾಧಿಕಾರಿ ಆರೋಪಿಯ ಎದುರಲ್ಲಿ ದಾಖಲಿಸಿದ ಸಾಕ್ಷ್ಯಕ್ಕೆ ಬೇರೆ ನೆಲೆಯಿದೆ, ಆದರೆ ನಿಮ್ಮ ನಾಯಕ ಪೊಲೀಸ್ ಇಲಾಖೆಯವನು. ಹೀಗಾಗಿ ಖಳ ನಾಲ್ಕು ಪುಟ ಭಾಷಣ ಮಾಡಿ ಎಲ್ಲ ಒಪ್ಪಿಕೊಳ್ಳುವ ನಿಮ್ಮ 37ನೇ ಅಧ್ಯಾಯದಿಂದ ಕೋರ್ಟಿಗೆ ಹೋಗುವುದು ಸೊನ್ನೆ.

ಅದನ್ನು ಕಿತ್ತು ಹಾಕಬೇಕಿಲ್ಲ. ಅದೇ ಕಾನೂನಿನಲ್ಲಿ ಒಂದು ಕಿಂಡಿ ಇದೆ. ಪೊಲೀಸ್ ವಶದಲ್ಲಿರುವ ಆರೋಪಿ ಕೊಟ್ಟ ಮಾಹಿತಿಯಿಂದ ಒಂದು ವಸ್ತುವೋ ಸಂಗತಿಯೋ ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದಷ್ಟು ಮಾತು ಮಾತ್ರ ಸಾಕ್ಷ್ಯವಾಗುತ್ತದೆ. ಹಳೆಯ 27ನೇ ಕಲಂ, ಈಗ 23ನೇ ಕಲಮಿಗೇ ಸೇರಿಸಿದ ಪರಂತುಕ (ಷರತ್ತಿನ ಮಾತು). ಖಳನ ಭಾಷಣವನ್ನು ಒಂದೂವರೆ ವಾಕ್ಯಕ್ಕೆ ಇಳಿಸಿ. ಅವನು ಬಾಯಿ ತಪ್ಪಿ ‘ಹಳೇ ಪಲ್ಪರ್ ತೊಟ್ಟಿ’ ಅಂದುಬಿಡಲಿ. ಬಂಧಿಸಿದವನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಆ ತೋಟದಲ್ಲಿ ತೊಟ್ಟಿ ಮೂರಿವೆ. ಗಡಿಯಾರ ಓಡುತ್ತದೆ, ಓದುಗನೂ ಓಡುತ್ತಾನೆ. ಪ್ರೇಮದ ವಿಷಯದಲ್ಲಿ ಮೇಲೆ ಹೇಳಿದ್ದನ್ನೇ ಕಾನೂನೂ ಇಲ್ಲಿ ಹೇಳುತ್ತಿದೆ ನೋಡಿ: ಮಾತನ್ನಲ್ಲ, ಮಾತಿನ ಜಾಡು ಹಿಡಿದು ಹೋದಾಗ ಕೈಗೆ ಸಿಕ್ಕಿದ್ದನ್ನು ನಂಬುತ್ತೇನೆ. ನಿಮ್ಮ ಕಾದಂಬರಿಯ ಎರಡು ಎಳೆ ಒಂದೇ ಹುರಿಯಾಗುವುದು ಈ ಮಾತಿನಲ್ಲಿ, ಆದರೆ ಇದನ್ನು ಯಾವ ಪಾತ್ರದ ಬಾಯಲ್ಲೂ ಹೇಳಿಸಬೇಡಿ.

ದಾಳಿಯ ದೃಶ್ಯದಲ್ಲಿ ಇನ್ನು ಕೆಲವು ಚಿಕ್ಕ ತಿದ್ದುಪಡಿ. ಶೋಧ ಮತ್ತು ಜಪ್ತಿಯನ್ನು ವಿಡಿಯೊ ಮಾಡಬೇಕು, ಅದು ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 105ನೇ ಕಲಂ. ಸೂರ್ಯ ಮುಳುಗಿದ ಮೇಲೆ ವಾರಂಟ್ ಇಲ್ಲದೆ ಗೋದಾಮು ಶೋಧಿಸುವ ಎನ್‌ಡಿಪಿಎಸ್ ಅಧಿಕಾರಿ ತನ್ನ ನಂಬಿಕೆಗೆ ಕಾರಣವನ್ನು ಬರೆದಿಡಬೇಕು, 72 ಗಂಟೆಯೊಳಗೆ ಪ್ರತಿಯನ್ನು ಮೇಲಧಿಕಾರಿಗೆ ಕಳಿಸಬೇಕು. ಜೀಪಿನ ಬಾನೆಟ್ ಮೇಲೆ ಹಾಳೆ ಇಟ್ಟು ಟಾರ್ಚ್ ಬೆಳಕಲ್ಲಿ ಅವಳು ನಾಲ್ಕು ಸಾಲು ಬರೆಯುವುದು ನಿಮ್ಮ ಪಿಸ್ತೂಲಿನ ಕ್ಲೋಸಪ್‌ಗಿಂತ ಹೆಚ್ಚು ಬಿಗಿ ತರುತ್ತದೆ. ಗಾಂಜಾದ ವಾಣಿಜ್ಯ ಪ್ರಮಾಣ, ಅಂದರೆ ದೊಡ್ಡ ಶಿಕ್ಷೆ ಬೀಳುವ ತೂಕ, 20 ಕಿಲೋ. ನಿಮ್ಮ ಕರಡಿನ 8 ಕಿಲೋಗೆ ‘ಇಪ್ಪತ್ತು ವರ್ಷ ಒಳಗೆ’ ಎಂದು ಬರೆದಿರುವುದು ತಪ್ಪು. ಅಷ್ಟಕ್ಕೆ ಹೆಚ್ಚೆಂದರೆ ಹತ್ತು ವರ್ಷ. ತೂಕ 20 ದಾಟಿಸಿ. ಇನ್ನು ಮಹಜರು. ಪಂಚರ (ಸ್ಥಳದ ಸಾಕ್ಷಿಗಳ) ಎದುರು ಬರೆಯುವ ಮಹಜರಿನಲ್ಲಿ ಅಧಿಕಾರಿಗಳ ನಿಜವಾದ ಹೆಸರು, ಹುದ್ದೆ ಬರಬೇಕು. 23ರಲ್ಲಿ ಇಬ್ಬರೂ ತಾವು ಅಧಿಕಾರಿಗಳೆಂದು ಮಾತ್ರ ಹೇಳಿಕೊಳ್ಳಲಿ, ಹೆಸರು ಹೇಳದಿರಲಿ. ಇಬ್ಬರ ನಿಜ ಹೆಸರು ಮೊದಲ ಸಲ ಒಂದೇ ಹಾಳೆಯ ಮೇಲೆ ಬರುವುದು ಮಹಜರಿನಲ್ಲೇ ಆಗಲಿ. ನೀವು ಈಗ ಇಟ್ಟಿರುವ ಮಳೆಯಲ್ಲಿನ ಅಪ್ಪುಗೆಯ ಅಂತ್ಯಕ್ಕಿಂತ ಇದು ಗಟ್ಟಿ.

ಕೊಟ್ಟಿಗೆಹಾರದ ಚೆಕ್‌ಪೋಸ್ಟಿನಲ್ಲಿ ಪೇದೆ ನಾಯಕಿಯ ಮೈ ತಡವಿ ಶೋಧಿಸುವುದನ್ನು, ಪಕ್ಕದಲ್ಲಿ ನಾಯಕ ಹಲ್ಲು ಕಚ್ಚಿ ನಿಲ್ಲುವುದನ್ನು ಬರೆದಿದ್ದೀರಿ. ಯಾರೂ ಆಕ್ಷೇಪಿಸದಿದ್ದರೂ ತೆಗೆಯಲೇಬೇಕು. ಹೆಂಗಸನ್ನು ಹೆಂಗಸೇ ಶೋಧಿಸಬೇಕು, ಎನ್‌ಡಿಪಿಎಸ್‌ನಲ್ಲೂ ಅದೇ ನಿಯಮ. ಬಣಕಲ್ ಠಾಣೆಯಿಂದ ಮಹಿಳಾ ಪೇದೆ ಬರುವ ತನಕ ಇಬ್ಬರನ್ನೂ ಜೀಪಿನಲ್ಲಿ ಕೂರಿಸಿ. ಮಂಜು ಕವಿದಿದೆ, ಇಬ್ಬರಿಗೂ ತಂತಮ್ಮ ಚೀಲದೊಳಗೆ ಏನಿದೆ ಎಂಬ ಭಯ, ಇಬ್ಬರೂ ನೀರ್ ದೋಸೆಯ ಬಗ್ಗೆ ಮಾತಾಡುತ್ತಿದ್ದಾರೆ. ಆ ಮುಕ್ಕಾಲು ಗಂಟೆಯನ್ನು ಆರು ಪುಟ ಬರೆಯಿರಿ. ಖಳ ಓಡುವ ದಾರಿಯನ್ನೂ ನೋಡಿ. ಚಾರ್ಮಾಡಿ ಘಾಟಿ ಇಳಿದರೆ ದಕ್ಷಿಣ ಕನ್ನಡ, ಆದರೂ ಎರಡೂ ಜಿಲ್ಲೆ ಮಂಗಳೂರಿನ ಪಶ್ಚಿಮ ವಲಯದ ಐಜಿಪಿ ಕೆಳಗೇ ಬರುತ್ತವೆ. ಸಕಲೇಶಪುರದ ಕಡೆ ತಿರುಗಿದರೆ ಹಾಸನ, ಅದು ಮೈಸೂರಿನ ದಕ್ಷಿಣ ವಲಯ. ಖಳ ಜಾಣನಾಗಿದ್ದರೆ ಎತ್ತ ತಿರುಗುತ್ತಾನೆ ಎಂದು ನೀವೇ ಯೋಚಿಸಿ. ಚಾರ್ಮಾಡಿಯಲ್ಲಿ ಭಾರಿ ಲಾರಿಗಳಿಗೆ ನಿರ್ಬಂಧವಿದೆ ಎಂಬುದನ್ನೂ ಸೇರಿಸಿಕೊಳ್ಳಿ. ಹದಿನಾಲ್ಕು ಚಕ್ರದ ಲಾರಿಯನ್ನು ಅಲ್ಲಿ ಬೆನ್ನಟ್ಟಿಸಬೇಡಿ.

ವೇಷದ ವಿಷಯ ಚುಟುಕಾಗಿ. ಮಲೆನಾಡಿನಲ್ಲಿ ಹೊಸಬರಿಗೆ ಮೊದಲ ಪ್ರಶ್ನೆ ‘ಯಾವೂರು’, ಎರಡನೆಯದು ‘ಯಾರ ಪೈಕಿ’. ಸಕಲೇಶಪುರದವನು ಎಂದು ಸುಳ್ಳು ಹೇಳಿದರೆ ಅರ್ಧ ಗಂಟೆಯಲ್ಲಿ ನೆಂಟಸ್ತಿಕೆ ಹುಡುಕಿ ಸಿಕ್ಕಿಸುತ್ತಾರೆ. ಅರಸೀಕೆರೆ ಕಡೆಯ ಬಯಲುಸೀಮೆಯವನಾಗಲಿ, ಅವನ ಮಾತೂ ಹಾಗೇ ಇರಲಿ, ಕಾಫಿ ಕೆಲಸ ಅವನಿಗೆ ಪೂರ್ತಿ ಬರದೇ ಇರಲಿ. ಸುಳ್ಳು ಎಷ್ಟು ಕಡಿಮೆಯೋ ವೇಷ ಅಷ್ಟು ಬಾಳಿಕೆ. ನೆಟ್‌ವರ್ಕ್ ಇಲ್ಲದ ಜಾಗ ಬೇಕಿದ್ದರೆ ಮೂರನೇ ಅಧ್ಯಾಯದಲ್ಲೇ ತೋರಿಸಿಡಿ. ಕಷ್ಟ ಬಂದಾಗಲೆಲ್ಲ ಸಿಗ್ನಲ್ ಹೋಗುವುದನ್ನು ಓದುಗರು ಎರಡನೇ ಸಲಕ್ಕೆ ಕ್ಷಮಿಸುವುದಿಲ್ಲ.

ತಿದ್ದಿದ ಕರಡನ್ನು ಅದೇ ಒಂಬತ್ತು ಜನಕ್ಕೆ ಕೊಡಬೇಡಿ. ಸಸ್ಪೆನ್ಸ್ ವಿಷಯದಲ್ಲಿ ಒಬ್ಬ ಓದುಗ ಒಂದೇ ಸಲ ಬೆಚ್ಚುತ್ತಾನೆ. ಖಳನ ಬಗ್ಗೆ ಅವರ ಅಭಿಪ್ರಾಯ ಇನ್ನು ಕೆಲಸಕ್ಕೆ ಬರುವುದಿಲ್ಲ. ವಕೀಲರು, ತೋಟದವರು ಇಬ್ಬರಿಗೂ ಅವರವರ ಅಧ್ಯಾಯ ಮಾತ್ರ ಕೊಡಿ. ಸಿಟ್ಟಾದ ಹೆಂಗಸರಿಗೆ 16ರಿಂದ 26ರ ತನಕ ಕೊಡಿ. ಪೂರ್ತಿ ಪುಸ್ತಕಕ್ಕೆ ಐದು ಹೊಸಬರು ಬೇಕು: ಪ್ರೇಮಕತೆ ಓದುವವರು ಇಬ್ಬರು, ಪತ್ತೇದಾರಿ ಓದುವವರು ಇಬ್ಬರು, ಎರಡನ್ನೂ ಹೆಚ್ಚು ಓದದವರು ಒಬ್ಬರು. ಮುಂದಿನ ಸುತ್ತಿಗೆ ಇನ್ನೂ ಮೂವರನ್ನು ಈಗಲೇ ಮನಸ್ಸಿನಲ್ಲಿ ಎತ್ತಿಡಿ, ಅವರ ಹತ್ತಿರ ಕತೆಯ ಸುದ್ದಿಯೇ ಎತ್ತಬೇಡಿ. ‘ಹೇಗಿದೆ’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂದೇ ಹೇಳುತ್ತಾರೆ. ಬದಲಿಗೆ ಮುದ್ರಿಸಿದ ಪ್ರತಿಯ ಅಂಚಿನಲ್ಲಿ ನಾಲ್ಕೇ ಅಕ್ಷರ ಬರೆಯಲು ಹೇಳಿ: ಬೆಚ್ಚಿದಲ್ಲಿ ‘ಬೆ’, ಬೇಜಾರಾದಲ್ಲಿ ‘ಜಾ’, ನಂಬದಲ್ಲಿ ‘ನ’, ಗೊಂದಲವಾದಲ್ಲಿ ‘ಗೊ’. 10, 20, 30ನೇ ಅಧ್ಯಾಯದ ಕೊನೆಗೆ ಒಂದು ಖಾಲಿ ಹಾಳೆ ಸೇರಿಸಿ, ‘ಈಗ ಯಾರ ಮೇಲೆ ಅನುಮಾನ, ಯಾಕೆ’ ಎಂದು ಅಲ್ಲೇ ಬರೆಸಿ. ಪೂರ್ತಿ ಓದಿದ ಮೇಲೆ ಕೇಳಿದರೆ ‘ನಂಗೆ ಮೊದಲೇ ಗೊತ್ತಿತ್ತು’ ಎನ್ನುವವರೇ ಹೆಚ್ಚು. ಹತ್ತರಲ್ಲಿ ಐವರಲ್ಲಿ ಒಬ್ಬರು, ಇಪ್ಪತ್ತರಲ್ಲಿ ಇಬ್ಬರು, ಮೂವತ್ತರಲ್ಲಿ ನಾಲ್ವರು ಸರಿಯಾದ ಹೆಸರು ಬರೆದರೆ ಸುಳಿವಿನ ಹದ ಸರಿಯಿದೆ ಎಂದು ತಿಳಿಯಿರಿ.

ಮತ್ತೆ, ಡಿಸೆಂಬರ್-ಜನವರಿಯಲ್ಲಿ ತೋಟದ ಕಡೆಯವರಿಗೆ ಓದಲು ಕೊಡಬೇಡಿ. ಕೊಯ್ಲಿನ ನಡುವೆ ದಿನಕ್ಕೆ ನಾಲ್ಕು ಪುಟ ಓದಿದವರಿಗೆ ಯಾವ ಕಾದಂಬರಿಯೂ ಎಳೆದಂತೆಯೇ ಕಾಣುತ್ತದೆ. ಈ ಸಲ ‘ಎಳೀತು’ ಎಂದ ನಾಲ್ವರು ಯಾವ ತಿಂಗಳಲ್ಲಿ, ಎಷ್ಟು ದಿನ ಹಿಡಿದು ಓದಿದರು ಎಂದು ಒಮ್ಮೆ ವಿಚಾರಿಸಿ. ಹೊಸ ಕರಡನ್ನು ಜೂನ್ ಕೊನೆಗೆ, ಮಳೆ ಕೂತ ಮೇಲೆ ಕೊಡಿ.